ಬಾಗಿಲ ಬಳ್ಳಿಚಕ್ರ ಕೆಟ್ಟರೆ ಕಾರಣ ಹುಡುಕುವುದು ಹೇಗೆ?

ಏಪ್ರಿಲ್ ನಡುವೆ ಬರುವ ಹೊಸವರ್ಷದ ಹಬ್ಬವಾದ ಬಿಸು ಹತ್ತಿರವಾಗುತ್ತಿದ್ದಂತೆ ಕಾಸರಗೋಡಿನ ಮನೆಗಳಲ್ಲಿ ಮಾವಿನೆಲೆಯ ತೋರಣಕ್ಕೆ ಜಾಗ ಇದ್ದೇ ಇದೆ. ಅದರ ಪಕ್ಕದಲ್ಲಿ ಬಳ್ಳಿ, ಕೊಂಬೆಗಳನ್ನು ಸುತ್ತಿ ಮಾಡಿದ ಚಕ್ರವೊಂದನ್ನು ತೂಗುಹಾಕುವ ಆಸೆ ಈಗ ಹಲವರಿಗೆ ಹುಟ್ಟಿದೆ. ಮೊಬೈಲಿನಲ್ಲಿ ನೋಡಿ ಕಲಿಯುವುದು ಸುಲಭ. ಆದರೆ ಅಲ್ಲಿ ತೋರಿಸುವುದು ಚಳಿದೇಶದ ವಿಲೋ ಕಡ್ಡಿ, ಎಲೆ ಉದುರಿ ನಿಂತ ದ್ರಾಕ್ಷಿ ಬಳ್ಳಿ. ನಮ್ಮ ಏಪ್ರಿಲ್ ತಿಂಗಳಲ್ಲಿ ಬೇಲಿಯ ಗಿಡಗಳೆಲ್ಲ ಚಿಗುರಿ ರಸ ತುಂಬಿರುತ್ತವೆ, ಕಡಲ ಕಡೆಯಿಂದ ಬರುವ ಗಾಳಿಯೂ ತೇವದ ಗಾಳಿ. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಚಕ್ರ ಕೆಟ್ಟಾಗ ಹೆಚ್ಚಿನವರು ಹೂವನ್ನೋ ಅಂಟನ್ನೋ ದೂರುತ್ತಾರೆ. ನನ್ನ ಪ್ರಕಾರ ಮೊದಲು ದೂರಬೇಕಾದದ್ದು ಕೊಂಬೆಯ ತೇವವನ್ನು. ಬಗ್ಗಿಸುವಾಗ ಕೊಂಬೆಯಲ್ಲಿ ತೇವ ಇರಬೇಕು, ಅಲಂಕರಿಸುವಾಗ ಇರಬಾರದು. ಈ ಎರಡರಲ್ಲಿ ಒಂದು ತಪ್ಪಿದರೂ ಮುಂದೆ ಬರೆದಿರುವ ಲಕ್ಷಣಗಳಲ್ಲಿ ಯಾವುದಾದರೊಂದು ಕಾಣಿಸಿಕೊಳ್ಳುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಯಾವ ದೋಷವೇ ಇರಲಿ, ಮೊದಲು ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡು ಉಗುರಿಗೆ ಪಸೆ ಹತ್ತಿದರೆ ಕೊಂಬೆ ಇನ್ನೂ ಹಸಿ. ಹಸಿರಿದ್ದರೂ ಪಸೆ ಇಲ್ಲದಿದ್ದರೆ ಅರ್ಧ ಒಣಗಿದೆ. ಕಂದು ಬಣ್ಣವಿದ್ದು ಪುಡಿ ಎದ್ದರೆ ಪೂರ್ತಿ ಒಣಗಿದೆ. ಹಳೆಯ ಬಿಳಲು, ದಪ್ಪ ತೊಗಟೆಯ ಬಳ್ಳಿಗಳಲ್ಲಿ ಈ ಪರೀಕ್ಷೆ ಮೋಸ ಮಾಡುವುದುಂಟು. ಅಂಥವಕ್ಕೆ ಅಡುಗೆಮನೆಯ ತಕ್ಕಡಿಯೇ ಸಾಕ್ಷಿ. ಚಕ್ರವನ್ನು ಎರಡು ದಿನಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಅದನ್ನು ಒಣಗಿದ ಚಕ್ರ ಎನ್ನಬಹುದು. ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳ ಚಕ್ರಕ್ಕೆ ಏಪ್ರಿಲ್ ತಿಂಗಳಲ್ಲಿ, ಗಾಳಿಯಾಡುವ ನೆರಳಿನಲ್ಲಿ, ಒಂದರಿಂದ ಎರಡು ವಾರ ಹಿಡಿಯುತ್ತದೆ. ಜೂನ್ ಬಂದ ಮೇಲೆ ಹೊರಗೆ ಒಣಗುವ ಮಾತೇ ಇಲ್ಲ. ಸೌದೆ ಒಲೆಯ ಮೇಲೆ ಅಟ್ಟ ಇರುವ ಮನೆಯವರು ಪುಣ್ಯವಂತರು.

ಬಗ್ಗಿಸಲು ಹೋದರೆ ಪಟ್ಟೆಂದು ಮುರಿಯುತ್ತದೆ

ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬಾಗಿನ ಹೊರಮೈಯಲ್ಲಿ ಸಿಗುರು ಎದ್ದು, ಒಳಭಾಗ ತಿಳಿ ಬಣ್ಣದಲ್ಲಿ ಒಣಗಿದ್ದರೆ ನೀರು ಸಾಲದು ಎಂದರ್ಥ. ತೆಳು ಬಳ್ಳಿಗಳನ್ನು ಬಾಲ್ದಿಯ ನೀರಿನಲ್ಲಿ ಕೆಲವು ಗಂಟೆ, ಕಿರುಬೆರಳಿನಷ್ಟು ದಪ್ಪದವನ್ನು ರಾತ್ರಿಯಿಡೀ ನೆನೆಸಿಡಿ. ಅವಸರವಿದ್ದರೆ ಬಿಸಿನೀರು ಬೇಗ ಒಳಗಿಳಿಯುತ್ತದೆ. ನೆನೆದ ಕೂಡಲೇ ಚಕ್ರ ಕಟ್ಟಲು ಕೂರಬೇಡಿ. ಕೊಂಬೆಯನ್ನು ಮೊಣಕಾಲಿನ ಮೇಲಿಟ್ಟು, ಎರಡೂ ಕೈಯಿಂದ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಬಾಗಿಸುತ್ತಾ ಸಾಗಿದರೆ ನಾರು ಸಡಿಲಗೊಳ್ಳುತ್ತದೆ. ಆಮೇಲೆ ಸುತ್ತು ತಾನಾಗಿ ಕೂರುತ್ತದೆ.

ಗಿಣ್ಣಿನಲ್ಲೇ ಮುರಿಯುತ್ತಿದ್ದರೆ ನೀರಿನಿಂದ ಪ್ರಯೋಜನವಿಲ್ಲ, ಕೊಂಬೆಯ ಜಾತಿಯೇ ಸರಿಯಿಲ್ಲ. ಕರಿಮೆಣಸಿನ ಬಳ್ಳಿ ತೋಟದಲ್ಲಿ ಧಾರಾಳವಾಗಿ ಸಿಗುತ್ತದೆಂದು ತರುತ್ತಾರೆ. ಅದು ಗಿಣ್ಣುಗಿಣ್ಣಿಗೂ ಕೈಕೊಡುತ್ತದೆ. ದಾಸವಾಳದ ಉದ್ದನೆಯ ಎಳೆ ಕೊಂಬೆ, ಲಕ್ಕಿ ಗಿಡ, ಪೇರಳೆಯ ಬುಡದಿಂದ ನೇರವಾಗಿ ಎದ್ದ ಚಿಗುರುಕೋಲು, ಹಳೆಯ ಮಲ್ಲಿಗೆ ಬಳ್ಳಿ, ಆಲದ ತೆಳು ಬಿಳಲು ಇವು ಚೆನ್ನಾಗಿ ಬಾಗುತ್ತವೆ. ದಾಸವಾಳ ನನ್ನ ಮೊದಲ ಆಯ್ಕೆ. ಅದರ ತೊಗಟೆಯಲ್ಲಿ ನಾರು ಜಾಸ್ತಿ, ಒಳಗಿನ ಕಡ್ಡಿ ಬಿರಿದರೂ ಸಿಪ್ಪೆ ಹಿಡಿದುಕೊಳ್ಳುತ್ತದೆ.

ಬಾಗಿನ ಒಳಮೈಯಲ್ಲಿ ತೊಗಟೆ ಸುಕ್ಕುಗಟ್ಟಿದರೆ ಗಾಬರಿ ಬೇಡ, ಅದು ಹಸಿ ಕೊಂಬೆಯ ಸ್ವಭಾವ. ಎಳೆದು ಸರಿಮಾಡಲು ಹೋದರೆ ಮಾತ್ರ ಸಿಪ್ಪೆ ಕಳಚಿ ಕೈಗೆ ಬರುತ್ತದೆ.

ಕೊಂಬೆ ಎಲ್ಲಿಂದ ತಂದಿರಿ ಎಂಬುದೂ ಮುಖ್ಯ. ಸಂರಕ್ಷಿತ ಕಾಡಿನ ಬೆತ್ತಕ್ಕೆ ಕೈಹಾಕಿದರೆ ಕಾನೂನಿನ ತೊಡಕು. ನಾಗಬನದ ಬಳ್ಳಿಗೆ ಕತ್ತಿ ತಾಗಿಸಬಾರದೆಂದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೇಲಿ, ತೋಟದ ಬದು ಸಾಕು. ಅಲ್ಲಿಯೂ ತರಗೆಲೆಯೊಳಗೆ ಕೈಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ. ಬೇಸಗೆಯಲ್ಲಿ ಹಾವುಗಳು ತಂಪು ಹುಡುಕುತ್ತವೆ.

ಚಕ್ರ ಮೊಟ್ಟೆಯಾಕಾರವಾಗಿದೆ ಅಥವಾ ಎಂಟರಂತೆ ತಿರುಚಿಕೊಂಡಿದೆ

ನೆಲದ ಮೇಲೆ ಇಟ್ಟು ಬೆರಳಿನಿಂದ ಒತ್ತಿ. ಕುಂಟಿದರೆ ತಿರುಚು ಇದೆ. ಮೊಳೆಗೆ ತೂಗುಹಾಕಿ ಕೈಯಿಂದ ತಿರುಗಿಸಿ ಬಿಡಿ. ಪ್ರತಿಸಲವೂ ಅದೇ ಭಾಗ ಕೆಳಗೆ ಬಂದು ನಿಂತರೆ ಕೊಂಬೆಗಳ ದಪ್ಪ ತುದಿಗಳೆಲ್ಲ ಒಂದೇ ಕಡೆ ಸೇರಿವೆ. ಇದು ತೀರಾ ಸಾಮಾನ್ಯ. ಎಲ್ಲರೂ ದಪ್ಪ ತುದಿಯಿಂದ ಸುತ್ತಲು ಆರಂಭಿಸುತ್ತಾರೆ, ಎಲ್ಲ ಕೊಂಬೆಯನ್ನೂ ಕೈಗೆ ಅನುಕೂಲವಾದ ಅದೇ ಜಾಗದಲ್ಲಿ ಸಿಕ್ಕಿಸುತ್ತಾರೆ. ಎರಡನೆಯ ಕೊಂಬೆಯನ್ನು ಮೊದಲನೆಯದರ ಎದುರು ಬದಿಯಿಂದ ಆರಂಭಿಸಿ, ವಿರುದ್ಧ ದಿಕ್ಕಿಗೆ ಸುತ್ತಿ. ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ.

ಕಟ್ಟುವಾಗ ದುಂಡಗಿದ್ದು ಒಣಗುವಾಗ ಉದ್ದವಾದರೆ ಒಣಗಿಸಿದ ರೀತಿ ತಪ್ಪು. ಹಸಿ ಚಕ್ರವನ್ನು ಮೊಳೆಗೆ ನೇತುಹಾಕಿದರೆ ಅದರ ಭಾರವೇ ಅದನ್ನು ಕೆಳಕ್ಕೆ ಜಗ್ಗುತ್ತದೆ. ಬೋರಲು ಹಾಕಿದ ಬಾಲ್ದಿಯ ಸುತ್ತ ತೊಡಿಸಿ ಒಣಗಿಸಿ. ಈಗಾಗಲೇ ಒಣಗಿ ಗಟ್ಟಿಯಾಗಿದ್ದರೆ ಮತ್ತೆ ನೆನೆಸಿ ಮೆತ್ತಗಾದ ಮೇಲೆ ಹಲಗೆಯ ಮೇಲೆ ಹರಡಿ. ಮೇಲೊಂದು ಹಲಗೆ ಇಟ್ಟು ಮುರಕಲ್ಲಿನ, ಅಂದರೆ ಕಟ್ಟಡದ ಕೆಂಪುಕಲ್ಲಿನ, ಭಾರ ಹೇರಿ, ಒಣಗುವ ತನಕ ತೆಗೆಯಬೇಡಿ. ಕಲ್ಲನ್ನು ನೇರವಾಗಿ ಕೊಂಬೆಯ ಮೇಲಿಟ್ಟರೆ ಕೆಂಪು ಕಲೆ ಉಳಿಯುತ್ತದೆ. ಎರಡು ಸಲ ನೆನೆಸಿಯೂ ತಿರುಚು ಹೋಗದಿದ್ದರೆ ಆ ಕೊಂಬೆಯನ್ನು ಬಿಟ್ಟುಬಿಡಿ. ಹುಟ್ಟಿನಿಂದಲೇ ಸೊಟ್ಟಗೆ ಬೆಳೆದದ್ದನ್ನು ನೇರ ಮಾಡಲು ನಿಮ್ಮ ಬಿಸು ಕಾಯುವುದಿಲ್ಲ.

ಕಟ್ಟು ಸಡಿಲವಾಗಿ ಕಡ್ಡಿಗಳು ಅಲುಗುತ್ತವೆ

ಮರ ಒಣಗುವಾಗ ದಪ್ಪದಲ್ಲಿ ಕುಗ್ಗುತ್ತದೆ, ಸುತ್ತಿದ ತಂತಿ ಕುಗ್ಗುವುದಿಲ್ಲ. ಹಸಿ ಕೊಂಬೆಯ ಮೇಲೆ ಬಿಗಿದ ಕಟ್ಟು ಸಡಿಲವಾಗುವುದು ದೋಷವಲ್ಲ, ಆಗಲೇಬೇಕಾದದ್ದು. ತೂಕ ಇಳಿಯುವುದು ನಿಂತ ಮೇಲೆ ಇನ್ನೊಮ್ಮೆ ಬಿಗಿಯಿರಿ. ತಂತಿಯ ಜಾಗದಲ್ಲಿ ಕಂದು ಕಲೆ ಕಂಡರೆ ಅದು ಕಬ್ಬಿಣದ ತುಕ್ಕು. ಕಡಲ ಬದಿಯ ಮನೆಗಳಲ್ಲಿ ಬೇಗನೆ ಬರುತ್ತದೆ, ಸುಣ್ಣದ ಗೋಡೆಗೆ ಇಳಿದರೆ ಹೋಗುವುದಿಲ್ಲ. ತಾಮ್ರದ ತಂತಿಯೋ ಸಪೂರ ಹುರಿಹಗ್ಗವೋ ಒಳ್ಳೆಯದು.

ಅಂಟಿಸಿದ್ದು ಕಳಚಿ ಬೀಳುತ್ತದೆ

ಬಿದ್ದದ್ದನ್ನು ಗುಡಿಸಿ ಎಸೆಯುವ ಮೊದಲು ಅಂಟಿನ ಬೊಟ್ಟನ್ನು ತಿರುಗಿಸಿ ನೋಡಿ. ಏನಾಗಿದೆ ಎಂಬುದು ಅದರ ಕೆಳಮೈಯಲ್ಲೇ ಗೊತ್ತಾಗುತ್ತದೆ.

ಕೆಳಮೈ ನುಣುಪಾಗಿ ಹೊಳೆಯುತ್ತಿದ್ದರೆ ಅಂಟು ಕೊಂಬೆಯನ್ನು ಹಿಡಿದೇ ಇರಲಿಲ್ಲ. ಕೊಂಬೆಯಲ್ಲಿ ತೇವವಿತ್ತು ಇಲ್ಲವೇ ಧೂಳಿತ್ತು. ಒಣಬಟ್ಟೆಯಿಂದ ಒರೆಸಿ, ಉಗುರಿನ ಪರೀಕ್ಷೆ ಮಾಡಿ, ಒಣಗಿದ ಮೇಲೆ ಮತ್ತೆ ಅಂಟಿಸಿ. ಕೆಳಮೈಗೆ ತೊಗಟೆಯ ಚೂರು ಅಂಟಿಕೊಂಡು ಬಂದಿದ್ದರೆ ಅಂಟಿನ ತಪ್ಪಿಲ್ಲ, ತೊಗಟೆಯೇ ಕಡ್ಡಿಯಿಂದ ಬಿಟ್ಟಿದೆ. ಹಸಿಯಾಗಿ ಕಟ್ಟಿ ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದ ಚಕ್ರಗಳಲ್ಲಿ ಹೀಗಾಗುತ್ತದೆ. ಆ ಭಾಗದ ತೊಗಟೆ ಕೆರೆದು, ಕಡ್ಡಿಗೇ ದಾರದಿಂದ ಕಟ್ಟಬೇಕು. ಇನ್ನು ಅಂಟು ಎಳೆಎಳೆಯಾಗಿ ಜೋತುಬಿದ್ದಿದ್ದರೆ ಬಿಸಿಲಿಗೆ ಮೆತ್ತಗಾಗಿದೆ. ಗನ್ನಿನಿಂದ ಕರಗಿಸಿ ಹಾಕುವ ಅಂಟು ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿನ ಮಧ್ಯಾಹ್ನವನ್ನು ತಾಳುವುದಿಲ್ಲ. ಅಲ್ಲಿ ಅಂಟನ್ನು ನಂಬಲೇಬೇಡಿ, ಎಲ್ಲವನ್ನೂ ಕಟ್ಟಿ.

ಕರಗಿದ ಅಂಟು ಬೆರಳಿಗೆ ತಾಗಿದರೆ ಕಿತ್ತು ತೆಗೆಯಬಾರದು, ಚರ್ಮವೂ ಜೊತೆಗೆ ಬರುತ್ತದೆ. 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಗುಳ್ಳೆ ದೊಡ್ಡದಾದರೆ, ಮುಖಕ್ಕೋ ಮಗುವಿನ ಕೈಗೋ ತಾಗಿದ್ದರೆ ವೈದ್ಯರಲ್ಲಿಗೆ ಹೋಗಿ. ಟೂತ್‌ಪೇಸ್ಟ್ ಹಚ್ಚುವ ಉಪದೇಶ ಯಾರಾದರೂ ಕೊಟ್ಟೇ ಕೊಡುತ್ತಾರೆ, ಕೇಳಬೇಡಿ.

ಕಕ್ಕೆ ಹೂ ಸಂಜೆಯೊಳಗೆ ಉದುರಿತು

ಬಿಸುವಿನ ಚಕ್ರಕ್ಕೆ ಎಲ್ಲರಿಗೂ ಕಕ್ಕೆ ಹೂವೇ ಬೇಕು, ಎಲ್ಲರ ದೂರೂ ಇದೇ. ಗೊಂಚಲೊಂದನ್ನು ಕೈಯಲ್ಲಿ ಹಿಡಿದು ನೋಡಿ. ಕೊಂಬೆಗೆ ಹತ್ತಿರವಿರುವ ಬುಡದ ಹೂಗಳು ಮೊದಲು ಅರಳುತ್ತವೆ. ಜೋತುಬಿದ್ದ ತುದಿಯಲ್ಲಿ ಕೊನೆಯವರೆಗೂ ದುಂಡು ಮೊಗ್ಗುಗಳು. ತುದಿಯ ತನಕ ಅರಳಿ ಮರದ ಮೇಲೆ ಚಿನ್ನ ಸುರಿದಂತೆ ಕಾಣುವ ಗೊಂಚಲೇ ಎಲ್ಲರ ಕಣ್ಣಿಗೆ ಬೀಳುವುದು. ಅದಕ್ಕೆ ಉಳಿದಿರುವುದು ಕೆಲವೇ ಗಂಟೆ. ಕತ್ತರಿಸುವ ಮೊದಲು ಮೆಲ್ಲಗೆ ಅಲುಗಿಸಿ. ಎಸಳು ಬಿದ್ದರೆ ಅದನ್ನು ಮರದಲ್ಲೇ ಬಿಡಿ. ಬುಡದ ಕಾಲು ಭಾಗ ಅರಳಿ ಉಳಿದದ್ದೆಲ್ಲ ಮೊಗ್ಗಾಗಿರುವುದನ್ನು ಆರಿಸಿ.

ಗೊಂಚಲು ಸರಿಯಾಗಿದ್ದೂ ಬೇಗ ಬಾಡಿದರೆ ಕತ್ತರಿಸಿದ ಹೊತ್ತನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮೊದಲು ಕತ್ತರಿಸಿ, ತೊಟ್ಟನ್ನು ಕೂಡಲೇ ನೀರಿಗಿಳಿಸಿ, ನೆರಳಿನಲ್ಲಿ ಕೆಲವು ಗಂಟೆ ಬಿಟ್ಟರೆ ಹೂ ನೀರು ಕುಡಿದು ನಿಲ್ಲುತ್ತದೆ. ಚೀಲಕ್ಕೆ ತುರುಕಿ ಬಸ್ಸಿನಲ್ಲಿ ತಂದದ್ದಾದರೆ ಏನು ಮಾಡಿದರೂ ಅಷ್ಟಕ್ಕಷ್ಟೆ.

ಮೂರನೆಯ ಕಾರಣ ಯಾರಿಗೂ ಹೊಳೆಯುವುದಿಲ್ಲ. ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿಗೆಂದು ಬಾಗಿಲ ಬಳಿಯೇ ಹಣ್ಣಾದ ಬಾಳೆಗೊನೆ, ಮಾವು, ಹಲಸು ಜೋಡಿಸಿಟ್ಟಿರುತ್ತಾರೆ. ಹಣ್ಣಾಗುವ ಬಾಳೆ, ಮಾವುಗಳಿಂದ ಎಥಿಲೀನ್ ಎಂಬ ಅನಿಲ ಹೊರಬರುತ್ತದೆ, ಅನೇಕ ಜಾತಿಯ ಹೂಗಳ ಎಸಳು ಇದಕ್ಕೆ ಬೇಗ ಉದುರುತ್ತವೆ. ಹೊಗೆಯಲ್ಲೂ ಅದೇ ಅನಿಲ ಇರುತ್ತದೆ. ಹಣ್ಣಿನ ಹರಿವಾಣವನ್ನೂ ಊದುಬತ್ತಿಯನ್ನೂ ಚಕ್ರದಿಂದ ದೂರ ಇಟ್ಟರೆ ನಷ್ಟವೇನೂ ಇಲ್ಲ.

ಇನ್ನಷ್ಟು ಹೊತ್ತು ನಿಲ್ಲಬೇಕೆಂದರೆ ರಬ್ಬರ್ ಮುಚ್ಚಳದ ಸಣ್ಣ ಔಷಧಿ ಬಾಟಲಿಯನ್ನು ತೊಳೆದು ನೀರು ತುಂಬಿ, ಮುಚ್ಚಳದ ತೂತಿನಲ್ಲಿ ತೊಟ್ಟು ಇಳಿಸಿ, ಬಾಟಲಿಯನ್ನು ಎಲೆಯ ಹಿಂದೆ ಕಟ್ಟಿ. ಇಷ್ಟೆಲ್ಲ ಮಾಡಿದರೂ ಕಕ್ಕೆ ಒಂದೆರಡು ದಿನದ ಹೂವೇ. ಬಿಸು ಕಳೆದ ಮೇಲೂ ಬಣ್ಣ ಬೇಕೆನ್ನುವವರು ಒಣಗಿದರೂ ಬಣ್ಣ ಬಿಡದ ವಾಡಾಮಲ್ಲಿಯ ಉಂಡೆಹೂಗಳನ್ನು ಕಟ್ಟಿಕೊಳ್ಳಲಿ, ಕಕ್ಕೆಯನ್ನು ಹಬ್ಬದ ದಿನ ಬೆಳಿಗ್ಗೆ ಸಿಕ್ಕಿಸಲಿ.

ಚಕ್ರ ಚಿಗುರುತ್ತಿದೆ

ಅಮೃತಬಳ್ಳಿಯಿಂದ ಸುತ್ತಿದ್ದೀರಿ. ಕಡಿದು ನೇತುಹಾಕಿದರೂ ವಾರಗಟ್ಟಲೆ ಜೀವ ಹಿಡಿದುಕೊಂಡು ಎಲೆ ಬಿಡುವ ಬಳ್ಳಿ ಅದು. ಗೊಬ್ಬರದ ಗಿಡದ ಹಸಿ ಕೋಲೂ ಹೀಗೆಯೇ ಮಾಡುತ್ತದೆ. ಕೆಡುಕೇನಿಲ್ಲ, ಆದರೆ ಒಳಗೆ ನೀರಿರುವ ತನಕ ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಇಷ್ಟವಾದರೆ ಹಾಗೆಯೇ ಬಿಡಿ, ಚೆನ್ನಾಗಿಯೇ ಕಾಣುತ್ತದೆ.

ಬಿಳಿ ಅಥವಾ ಕಪ್ಪು ಬೂಷ್ಟು

ಒಣಬಟ್ಟೆಯಿಂದ ಒರೆಸಿ, ಮೂಸಿ ನೋಡಿ. ಒರೆಸಿದರೆ ಹೋಗುವ ಬಿಳಿ ಪದರವಿದ್ದು ಮಣ್ಣಿನ ವಾಸನೆ ಇದ್ದರೆ ಬೂಷ್ಟು ಮೇಲ್ಮೈಯಲ್ಲಷ್ಟೇ ಇದೆ. ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ರಷ್‌ನಿಂದ ಉಜ್ಜಿ ಬಿಸಿಲಿಗೆ ಇಡಿ. ಎರಡು ದಿನದಲ್ಲಿ ಮರಳಿ ಬಂದರೆ ಕೊಂಬೆಯ ಒಳಗೆ ತೇವವಿದೆ, ತಕ್ಕಡಿಯ ಪರೀಕ್ಷೆಗೆ ಹಿಂತಿರುಗಿ. ಪಾಚಿ ಅಥವಾ ಹತ್ತಿ ಕಟ್ಟಿದ ಜಾಗದಲ್ಲಿ ಮಾತ್ರ ಬಂದಿದ್ದರೆ ಅದನ್ನು ಬಿಚ್ಚಿ ತೆಗೆದರೆ ಸಾಕು.

ಕಪ್ಪು ಬಣ್ಣ ನಾರಿನೊಳಗೆ ಇಳಿದಿದ್ದು ಉಜ್ಜಿದರೂ ಹೋಗದಿದ್ದರೆ ಚಕ್ರವನ್ನು ಬಿಟ್ಟುಬಿಡಿ. ಮನೆಯಲ್ಲಿ ದಮ್ಮು ಇರುವವರಿದ್ದರೆ ಇಷ್ಟು ಕಾಯುವುದೂ ಬೇಡ. ಬ್ಲೀಚಿಂಗ್ ದ್ರಾವಣದ ಜೊತೆ ವಿನೆಗರ್ ಬೆರೆಸಿ ಒರೆಸುವುದು ಅಪಾಯಕರ, ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡಿನ ಇಳಿಜಾರು ಎಷ್ಟೇ ಉದ್ದವಿರಲಿ, ಪಶ್ಚಿಮದ ಗಾಳಿಮಳೆಗೆ ಬಾಗಿಲು ಒದ್ದೆಯಾಗುತ್ತದೆ. ಮೇ ಕೊನೆಗೆ ಚಕ್ರವನ್ನು ಒಳಗೆ ತೆಗೆದಿಡುವುದು ಎಲ್ಲ ಔಷಧಿಗಿಂತ ಅಗ್ಗ.

ಕೆಳಗೆ ಪುಡಿ ಬೀಳುತ್ತಿದೆ

ಕಪ್ಪು ಕಾಗದವೊಂದನ್ನು ಚಕ್ರದ ಕೆಳಗೆ ರಾತ್ರಿ ಹರಡಿ, ಬೆಳಿಗ್ಗೆ ಪುಡಿಯನ್ನು ಬೆರಳಿನಲ್ಲಿ ಉಜ್ಜಿ. ಹಿಟ್ಟಿನಷ್ಟು ನಯವಾಗಿದ್ದು, ಕೊಂಬೆಯಲ್ಲಿ ಗುಂಡುಸೂಜಿಯ ಮೊನೆಯಷ್ಟು ತೂತುಗಳಿದ್ದರೆ ಮರ ಕೊರೆಯುವ ಹುಳವಾದ ಕುಟ್ಟೆ ಹಿಡಿದಿದೆ. ಪುಡಿಯ ಬದಲು ಸಣ್ಣ ಗಟ್ಟಿ ಕಾಳುಗಳಿದ್ದರೆ ಒಣಮರದ ಗೆದ್ದಲು. ಮಣ್ಣಿನ ಗೆರೆ ಗೋಡೆಯಿಂದ ಏರಿ ಬಂದಿದ್ದರೆ ನೆಲದ ಗೆದ್ದಲು. ಈ ಕೊನೆಯ ಎರಡರಲ್ಲಿ ಚಕ್ರದ ಚಿಂತೆ ಬಿಟ್ಟು ಬಾಗಿಲಿನ ಚಿಂತೆ ಮಾಡಬೇಕು.

ಕುಟ್ಟೆಗೆ ಬೇಕಾದದ್ದು ಮರದಲ್ಲಿನ ಪಿಷ್ಟ. ಬಿದಿರನ್ನು ವಾರಗಟ್ಟಲೆ ತೋಡಿನ ನೀರಿನಲ್ಲಿ ಮುಳುಗಿಸಿಡುತ್ತಿದ್ದ ಹಿರಿಯರ ಕ್ರಮದಲ್ಲಿ ಇರುವ ಯುಕ್ತಿ ಅದೇ, ಪಿಷ್ಟ ನೀರಿಗೆ ಬಿಡುತ್ತದೆ. ಬಿದಿರಿನ ಸೀಳನ್ನು ಚಕ್ರಕ್ಕೆ ಬಳಸುವವರು ಇದನ್ನು ಬಿಡಬಾರದು. ಈಗಾಗಲೇ ಹಿಡಿದಿದ್ದರೆ, ಚಕ್ರ ಚಿಕ್ಕದಾಗಿದ್ದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ತೂತುಗಳನ್ನು ಮೇಣದಿಂದ ಮುಚ್ಚಿ. ಆಮೇಲೆ ಹೊಸ ತೂತು, ಹೊಸ ಪುಡಿ ಕಂಡರೆ ಹುಳ ಉಳಿದಿದೆ ಎಂದರ್ಥ. ಸೀಮೆಎಣ್ಣೆ, ಡೀಸೆಲ್ ಸವರುವ ಹಳೆಯ ಉಪಾಯ ಬಾಗಿಲ ಬಳಿ ದೀಪ ಹಚ್ಚುವ ಮನೆಗೆ ಸಲ್ಲದು.

ದಾರಂದದಲ್ಲೂ, ಅಂದರೆ ಬಾಗಿಲ ಚೌಕಟ್ಟಿನಲ್ಲೂ, ತೂತು ಕಂಡು, ಅದರ ಕೆಳಗೂ ಹೊಸ ಪುಡಿ ಬಿದ್ದಿದ್ದರೆ ಅಲ್ಲಿಗೆ ನಿಲ್ಲಿಸಿ, ಬಡಗಿಯನ್ನು ಕರೆಸಿ.

ಚಕ್ರ ಬಿದ್ದುಹೋಗುತ್ತದೆ

ಅಂಟುವ ಕೊಕ್ಕೆ ಕಿತ್ತು ಬಂದಿದ್ದರೆ ಬಾಗಿಲಿಗೆ ಎಣ್ಣೆ ಬಳಿದಿದ್ದೀರಾ ಎಂದು ನೆನಪಿಸಿಕೊಳ್ಳಿ. ಎಣ್ಣೆ ಕುಡಿದ ಹಲಸಿನ ಬಾಗಿಲಿಗೆ ಯಾವ ಅಂಟುಕೊಕ್ಕೆಯೂ ನಿಲ್ಲುವುದಿಲ್ಲ. ಹಾಗೆಂದು ಹಳೆಯ ಬಾಗಿಲಿಗೆ ಮೊಳೆ ಹೊಡೆಯಬೇಡಿ. ತೋರಣ ಕಟ್ಟಲು ದಾರಂದದ ಮೇಲೆ ಮೊಳೆಗಳು ಇದ್ದೇ ಇರುತ್ತವೆ, ಅಲ್ಲಿಂದ ಹುರಿಹಗ್ಗ ಇಳಿಬಿಡಿ. ಬಾಗಿಲಿಗೆ ಉಜ್ಜಿ ಗೀರಾಗುತ್ತಿದ್ದರೆ ಚಕ್ರದ ಹಿಂದೆ ಅಡಿಕೆ ಹಾಳೆಯ ತುಂಡು ಕಟ್ಟಿ.

ಒಣಗಿದ ಚಕ್ರಕ್ಕೆ ಬೆಂಕಿ ತಗುಲಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಹೊಸ್ತಿಲ ದೀಪ, ಬಿಸುವಿನ ಪಟಾಕಿ ಇರುವ ದಿನಗಳಲ್ಲಿ ಚಕ್ರವನ್ನು ಜ್ವಾಲೆಯ ನೇರ ಮೇಲೆ ನೇತುಹಾಕಬಾರದು. ದೀಪ ಹಚ್ಚುವ ಹೊತ್ತಿಗೆ ಇಳಿಸಿಡುವುದೇ ಕ್ಷೇಮ.

ಕೈ ತುರಿಸುತ್ತದೆ, ಉರಿಯುತ್ತದೆ

ಕೆಂಪು ಚಗಳಿ ಇರುವೆ ಕಚ್ಚಿದ್ದಾದರೆ ಕಣ್ಣಿಗೆ ಕಾಣುತ್ತದೆ. ಮಾವಿನ ಸೊಪ್ಪನ್ನು ಒಳಗೆ ತರುವ ಮೊದಲು ಅಂಗಳದಲ್ಲಿ ಕೊಡವಿದರೆ ಮುಗಿಯಿತು. ಕಾಣದ ತುರಿಕೆಯಾದರೆ ನಸುಗುನ್ನಿಯ ರೋಮವಿರಬಹುದು. ಬೇಸಗೆಗೆ ಕಾಯಿ ಒಣಗಿ ರೋಮ ಗಾಳಿಯಲ್ಲಿ ಹಾರುತ್ತದೆ, ಆಸುಪಾಸಿನ ಬಳ್ಳಿಯ ಮೇಲೂ ಕೂತಿರುತ್ತದೆ. ಉಜ್ಜಬೇಡಿ. ಅಂಟುಪಟ್ಟಿ ಒತ್ತಿ ಎತ್ತಿ, ಆಮೇಲೆ ಸಾಬೂನಿನಿಂದ ತೊಳೆಯಿರಿ.

ತುರಿಕೆ ಮರುದಿನ ಗುಳ್ಳೆಯಾಗಿ ಎದ್ದು, ಕೈಯಲ್ಲಿ ಕಪ್ಪು ಕಲೆ ಉಳಿದಿದ್ದರೆ ಹೊಳೆಗೇರಿನ ಸೊನೆ ತಾಗಿರುವ ಸಾಧ್ಯತೆ ಹೆಚ್ಚು. ಗೇರುಬೀಜದ ಸಿಪ್ಪೆಯ ಎಣ್ಣೆ ಸುಡುವುದು ಈ ಊರಿಗೆ ಗೊತ್ತು, ಇದೂ ಅದೇ ಕುಟುಂಬದ ಮರ. ತಾಗಿದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮುಖ ಊದಿಕೊಂಡರೆ, ಕಣ್ಣಿಗೆ ಹಬ್ಬಿದರೆ, ಉಸಿರಿಗೆ ತೊಂದರೆಯಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೋಗಿ.

ಚೆಂದವೆಂದು ಕಟ್ಟಬಾರದವು ಕೆಲವಿವೆ. ಗುಲಗಂಜಿಯ ಕೆಂಪು ಕಾಳು, ಕಾಸರಕನ ಕಿತ್ತಳೆ ಬಣ್ಣದ ಹಣ್ಣು, ಕಣಗಿಲೆಯ ಕೊಂಬೆ. ಮೂರೂ ವಿಷ. ಒಣಗಿದ ಚಕ್ರದಿಂದ ಕಾಳು ಉದುರುವುದು ಅಂಬೆಗಾಲಿಡುವ ಮಗುವಿನ ಕೈಗೆ ಎಟುಕುವ ನೆಲಕ್ಕೆ. ಮಗು ಏನಾದರೂ ಬಾಯಿಗೆ ಹಾಕಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಕಾಳನ್ನೋ ಕೊಂಬೆಯನ್ನೋ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.

ಬಿಟ್ಟುಬಿಡಲು ತೀರ್ಮಾನಿಸಿದ ಚಕ್ರದಿಂದ ತಂತಿ, ಅಂಟು, ಬಾಟಲಿ ಬಿಡಿಸಿ, ಕೊಂಬೆಯನ್ನು ತುಂಡು ಮಾಡಿ ತೆಂಗಿನ ಬುಡಕ್ಕೆ ಹಾಕಿ. ಕುಟ್ಟೆ ಹಿಡಿದದ್ದನ್ನು ಮನೆಯಿಂದ ದೂರ ಹೂಳಿ. ಹೊಳೆಗೇರು, ಕಣಗಿಲೆ ಸೇರಿದ್ದರೆ ಅದನ್ನೂ ಹೂಳಿ. ಬಚ್ಚಲ ಒಲೆಗೆ ಹಾಕಬೇಡಿ, ಅವುಗಳ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದು.